ಬಿಡಿಭಾಗದಲ್ಲಿದೆ ಗಡಿಯಾರದ ಆಯಸ್ಸು

ಹಾಸನದಲ್ಲಿ ಎರಡು ಬಗೆಯ ಗಡಿಯಾರಗಳಿಗೆ ಆರೈಕೆ ನಡೆಯುತ್ತದೆ. ಒಂದು, ಪೇಟೆ ಬೀದಿಯ ವಾಚ್ ರಿಪೇರಿ ಅಂಗಡಿಗೆ ಬರುವ ಹಳೆಯ ಎಚ್‌ಎಂಟಿ ಕೈಗಡಿಯಾರ. ಇನ್ನೊಂದು, ಊರಿನವರು ಎಂಸಿಎಫ್ ಎಂದೇ ಕರೆಯುವ ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರ ಕಣ್ಣಿಟ್ಟಿರುವ ಉಪಗ್ರಹಗಳೊಳಗಿನ ಪರಮಾಣು ಗಡಿಯಾರ. ಮೊದಲನೆಯದು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೂ ಯಾರೂ ದೂರುವುದಿಲ್ಲ. ಎರಡನೆಯದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೇಶಕ್ಕೆ ನಷ್ಟ. ಇವೆರಡಕ್ಕೂ ಹೋಲಿಕೆಯೇ ಇಲ್ಲ ಎನಿಸಬಹುದು. ಆದರೆ ಕಳೆದ ದಶಕದಲ್ಲಿ ಎರಡನ್ನೂ ಕಾಡಿದ್ದು ಒಂದೇ ಪ್ರಶ್ನೆ: ಕೆಟ್ಟ ಭಾಗದ ಬದಲಿಗೆ ಇನ್ನೊಂದನ್ನು ಎಲ್ಲಿಂದ ತರುವುದು?

ಗಡಿಯಾರದ ಇತಿಹಾಸವನ್ನು ಸಾಮಾನ್ಯವಾಗಿ ನಿಖರತೆಯ ಇತಿಹಾಸವೆಂದು ಹೇಳುವುದು ರೂಢಿ. ಗಂಟೆಯಿಂದ ನಿಮಿಷಕ್ಕೆ, ನಿಮಿಷದಿಂದ ಸೆಕೆಂಡಿಗೆ ಮನುಷ್ಯ ಹೇಗೆ ಬಂದ ಎಂಬ ಕಥೆ ಅದು. ಅದರ ಬೆನ್ನಿಗೇ ಇನ್ನೊಂದು ಕಥೆಯೂ ಸಾಗಿ ಬಂದಿದೆ. ಗಡಿಯಾರ ಸೂಕ್ಷ್ಮವಾದಷ್ಟೂ ಅದರ ಬಿಡಿಭಾಗ ಮಾಡುವವನು ಬಳಸುವವನಿಂದ ದೂರವಾಗುತ್ತ ಹೋದ.

ಗಳಿಗೆ ಬಟ್ಟಲಿನ ಕಾಲ

ಪಂಚಾಂಗ ನೋಡುವವರಿಗೆ ಘಟಿ, ವಿಘಟಿಗಳ ಲೆಕ್ಕ ಇಂದಿಗೂ ಪರಿಚಿತ. ದಿನಕ್ಕೆ 60 ಘಟಿ. ಒಂದು ಘಟಿ, ಅಂದರೆ ಒಂದು ಗಳಿಗೆ, 24 ನಿಮಿಷಕ್ಕೆ ಸಮ. ಇದನ್ನು ಅಳೆಯಲು ಬಳಕೆಯಲ್ಲಿದ್ದ ಸಾಧನ ತಾಮ್ರದ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದರು. ತೂತಿನಿಂದ ನೀರು ಒಳಬಂದು, ತುಂಬಿ ಮುಳುಗಿದರೆ ಒಂದು ಗಳಿಗೆ ಕಳೆಯಿತೆಂದು ಲೆಕ್ಕ.

ಈ ಯಂತ್ರದಲ್ಲಿ ಕೆಡುವುದಕ್ಕೆ ಇದ್ದದ್ದು ಒಂದೇ, ಆ ತೂತು. ಗಣಿತಜ್ಞ ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಬಗ್ಗೆ ಪ್ರಚಲಿತವಿರುವ ದಂತಕಥೆಯೂ ಇದನ್ನೇ ಹೇಳುತ್ತದೆ. ಮದುವೆಯ ಮುಹೂರ್ತಕ್ಕೆಂದು ಇಟ್ಟಿದ್ದ ಬಟ್ಟಲಿನೊಳಗೆ ಆಕೆ ಬಗ್ಗಿ ನೋಡುವಾಗ ಒಡವೆಯ ಮುತ್ತೊಂದು ಬಿದ್ದು ತೂತು ಮುಚ್ಚಿಕೊಂಡಿತು. ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು. ಕಥೆ ನಿಜವೋ ಸುಳ್ಳೋ, ಯಂತ್ರದ ದೋಷವಂತೂ ನಿಜವಾದದ್ದೇ.

ಆದರೆ ಬಟ್ಟಲಿಗೊಂದು ದೊಡ್ಡ ಗುಣವಿತ್ತು. ಕೆಟ್ಟರೆ ಊರಿನ ತಾಮ್ರದ ಕೆಲಸಗಾರನೇ ಹೊಸದನ್ನು ಮಾಡಿಕೊಡಬಲ್ಲವನಾಗಿದ್ದ. ಹಳೆಯ ಬಟ್ಟಲಿನ ಪಕ್ಕ ಹೊಸದನ್ನು ತೇಲಿಬಿಟ್ಟು, ಎರಡೂ ಒಟ್ಟಿಗೆ ಮುಳುಗುವವರೆಗೆ ತೂತನ್ನು ತಿದ್ದಿದರೆ ಸಾಕು. ಬಿಡಿಭಾಗಕ್ಕಾಗಿ ಯಾರೂ ಊರು ಬಿಟ್ಟು ಹೋಗಬೇಕಾಗಿರಲಿಲ್ಲ.

ಜಾಲಹಳ್ಳಿಯಿಂದ ಬಂದ ವಾಚು

ಕೈಗಡಿಯಾರ ಬಂದಾಗ ಪರಿಸ್ಥಿತಿ ಬದಲಾಯಿತು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ನಮ್ಮಲ್ಲಿ ಸಿಗುತ್ತಿದ್ದ ವೆಸ್ಟ್ ಎಂಡ್, ಫಾವ್ರ್ ಲ್ಯೂಬಾ ಮುಂತಾದ ಹೆಸರಿನ ವಾಚುಗಳೆಲ್ಲ ಸ್ವಿಟ್ಜರ್ಲೆಂಡಿನಿಂದ ಬಂದವು. ವಾಚು ಹೊರದೇಶದ್ದು ಎಂದಮೇಲೆ ಅದರ ಬಿಡಿಭಾಗವೂ ಹೊರದೇಶದ್ದೇ. ವಾಚು ಉಳ್ಳವರ ಸೊತ್ತಾಗಿತ್ತು.

ಈ ಸ್ಥಿತಿ ಬದಲಾದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. 1953ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯ ಮೂಲ ಉದ್ದೇಶ ಕಾರ್ಖಾನೆಗಳಿಗೆ ಬೇಕಾದ ಲೇತ್‌ನಂತಹ ಯಂತ್ರಗಳ ತಯಾರಿಕೆ. 1961ರಲ್ಲಿ ಅದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆಗೆ ಇಳಿಯಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಮುಂದೆ ಹಾಸನದ ನೆರೆಯ ಜಿಲ್ಲೆ ತುಮಕೂರಿನಲ್ಲಿಯೂ, ಶ್ರೀನಗರ ಮತ್ತು ಇಂದಿನ ಉತ್ತರಾಖಂಡದ ರಾಣಿಬಾಗ್‌ನಲ್ಲಿಯೂ ವಾಚ್ ಘಟಕಗಳು ಆರಂಭವಾದವು.

ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್ ಮುಂತಾದ ಹೆಸರುಗಳು ಮನೆಮಾತಾದವು. ಮದುವೆಯಲ್ಲಿ ವರನಿಗೆ ಉಂಗುರದ ಜೊತೆಗೊಂದು ವಾಚು, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ಒಂದು ವಾಚು, ನಿವೃತ್ತರಾದ ಮೇಷ್ಟರಿಗೆ ಬೀಳ್ಕೊಡುಗೆಯಾಗಿ ಒಂದು ವಾಚು ಎಂಬುದು ವಾಡಿಕೆಯಾಯಿತು.

ವಾಚು ಹಳ್ಳಿ ಮುಟ್ಟಿದ ಮೇಲೆ ರಿಪೇರಿಯೂ ತಾಲ್ಲೂಕು ಕೇಂದ್ರಕ್ಕೆ ಬಂತು. ಬಸ್ ನಿಲ್ದಾಣದ ಆಸುಪಾಸಿನಲ್ಲಿ ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ, ಚಿಮಟ ಮತ್ತು ಒಂದು ಬಟ್ಟಲು ಪೆಟ್ರೋಲು ಇದ್ದರೆ ಅಂಗಡಿ. ಅರಕಲಗೂಡಿನಲ್ಲಿ ಸಿಗದ ಭಾಗಕ್ಕೆ ಹಾಸನ. ಹೊಳೆನರಸೀಪುರದವರಿಗೆ ಮೈಸೂರಿನ ರೈಲು. ಹೆದ್ದಾರಿಯ ಮೇಲಿರುವ ಚನ್ನರಾಯಪಟ್ಟಣದವರಿಗೆ ಬೆಂಗಳೂರಿನ ಬಸ್ಸು. ಬಿಡಿಭಾಗ ಊರಿನಿಂದ ದೂರ ಹೋಗಿತ್ತು ನಿಜ, ಆದರೆ ಒಂದು ದಿನದ ಪ್ರಯಾಣದಷ್ಟು ಮಾತ್ರ. ಅದನ್ನು ತಯಾರಿಸುವ ಕಾರ್ಖಾನೆ ರಾಜ್ಯದಲ್ಲೇ ಇತ್ತು.

ಸವೆಯುವುದು ಏನು?

ಕೀ ಕೊಡುವ ವಾಚಿನ ಒಳಗೆ ನಡೆಯುವುದಿಷ್ಟೇ. ಸುರುಳಿ ಸುತ್ತಿದ ಮೇನ್ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಆ ಶಕ್ತಿ ಒಮ್ಮೆಲೇ ಖರ್ಚಾಗದಂತೆ ಬ್ಯಾಲೆನ್ಸ್ ಚಕ್ರ ಅತ್ತಿತ್ತ ಆಡುತ್ತ ತಡೆಯುತ್ತದೆ. ಜನತಾ ವಾಚಿನಲ್ಲಿ ಈ ಚಕ್ರ ಗಂಟೆಗೆ 18,000 ಬಾರಿ, ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ. ದಿನಕ್ಕೆ 4,32,000 ಮಿಡಿತ. ಬಿಡುವಿಲ್ಲದೆ ಒಂದು ವರ್ಷ ನಡೆದರೆ 15 ಕೋಟಿ 76 ಲಕ್ಷ ದಾಟುತ್ತದೆ.

ಇಷ್ಟು ಓಟವನ್ನು ಹೊರುವುದು ಕೂದಲೆಳೆಯಷ್ಟು ಸಪೂರ ತುದಿಗಳುಳ್ಳ ಒಂದು ಉಕ್ಕಿನ ಅಚ್ಚು. ರಿಪೇರಿಯವರು ಇದನ್ನು ಬ್ಯಾಲೆನ್ಸ್ ಸ್ಟಾಫ್ ಎನ್ನುತ್ತಾರೆ. ಸವೆತ ಕಡಿಮೆಯಾಗಲೆಂದು ಇದರ ತುದಿಗಳನ್ನು ಕೃತಕ ಮಾಣಿಕ್ಯದ ಹರಳುಗಳಲ್ಲಿ ಕೂರಿಸಿರುತ್ತಾರೆ. ಡಯಲ್ ಮೇಲೆ ಬರೆದಿರುವ '17 ಜ್ಯುವೆಲ್ಸ್' ಎಂಬುದರ ಅರ್ಥ ಇಂತಹ 17 ಹರಳುಗಳಿವೆ ಎಂಬುದು. ಅದು ಅಲಂಕಾರವಲ್ಲ. ವಾಚು ಕೈಜಾರಿ ಬಿದ್ದಾಗ ಈ ತುದಿ ಮುರಿಯದಿರಲೆಂದೇ ಹರಳಿಗೆ ಪುಟ್ಟ ಸ್ಪ್ರಿಂಗಿನ ಆಸರೆ ಇರುತ್ತದೆ. ಡಯಲ್ ಮೇಲಿನ 'ಪ್ಯಾರಾಶಾಕ್' ಎಂಬ ಮಾತು ಅದನ್ನು ಸೂಚಿಸುತ್ತದೆ.

ಎಣ್ಣೆ ಒಣಗುತ್ತದೆ, ಮೇನ್ ಸ್ಪ್ರಿಂಗ್ ತುಂಡಾಗುತ್ತದೆ, ಕೀ ಕೊಡುವ ಬಿರಡೆಯ ಕಂಬಿ ಸವೆಯುತ್ತದೆ, ಬೆವರಿನ ಉಪ್ಪಿಗೆ ಯಂತ್ರ ತುಕ್ಕು ಹಿಡಿಯುತ್ತದೆ. ಇವುಗಳಲ್ಲಿ ಶುಚಿ ಮಾಡಿದರೆ ಸರಿಹೋಗುವುದು ಎಣ್ಣೆಯದೊಂದೇ. ಉಳಿದದ್ದಕ್ಕೆಲ್ಲ ಬದಲಿ ಭಾಗವೇ ಬೇಕು.

ಕಾರ್ಖಾನೆ ಮುಚ್ಚಿದ ಮೇಲೆ

1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಉದ್ಯಮ ನಿಗಮ ಸೇರಿ ಟೈಟನ್ ಕಂಪನಿ ಸ್ಥಾಪಿಸಿದವು. ಕೆಲವೇ ವರ್ಷಗಳಲ್ಲಿ ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳು ಬಂದವು. ಕ್ವಾರ್ಟ್ಜ್ ವಾಚಿಗೆ ಕೀ ಕೊಡಬೇಕಾಗಿಲ್ಲ. ಬ್ಯಾಟರಿಯ ಬಲದಿಂದ ಒಂದು ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಕೆಟ್ಟರೆ ಬಿಚ್ಚಿ ಸರಿಪಡಿಸುವ ಬದಲು ಇಡೀ ಯಂತ್ರವನ್ನೇ ತೆಗೆದು ಹೊಸದು ಹಾಕುವುದು ಅಗ್ಗ. ಎಚ್‌ಎಂಟಿ ಕೂಡ ಕ್ವಾರ್ಟ್ಜ್ ತಯಾರಿಸಿತಾದರೂ ಮಾರುಕಟ್ಟೆ ಕೈಬಿಟ್ಟಿತು. ನಷ್ಟ ಬೆಳೆಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಮುಚ್ಚುವ ಸುದ್ದಿ ಬಂದ ಕೂಡಲೇ ಜನತಾ, ಪೈಲಟ್ ವಾಚುಗಳಿಗೆ ಹಠಾತ್ತನೆ ಬೇಡಿಕೆ ಏರಿತು. ವರ್ಷಗಟ್ಟಲೆ ಮೇಜಿನ ಖಾನೆಯಲ್ಲಿ ಬಿದ್ದಿದ್ದ ಅಪ್ಪನ ವಾಚನ್ನು ಮಕ್ಕಳು ಹುಡುಕಿ ತೆಗೆದರು. ಆದರೆ ರಿಪೇರಿ ಅಂಗಡಿಗೆ ಹೋದಾಗ ಎದುರಾದದ್ದು ಹಳೆಯ ಪ್ರಶ್ನೆಯೇ. ಸರಿ ಮಾಡಬಲ್ಲವರು ಇದ್ದಾರೆ, ಹಾಕಲು ಭಾಗವೆಲ್ಲಿದೆ?

ಎಚ್‌ಎಂಟಿ ಹೆಸರಿನ ವಾಚುಗಳು ಇಂದಿಗೂ ಮಾರಾಟದಲ್ಲಿವೆ. ಜಾಲಹಳ್ಳಿಯಲ್ಲಿ 2019ರಿಂದ ಸಂಸ್ಥೆಯ ಪರಂಪರೆ ಹೇಳುವ ವಸ್ತುಸಂಗ್ರಹಾಲಯವೂ ಇದೆ. ಆದರೆ ಹೆಸರು ಉಳಿಯುವುದು ಬೇರೆ, ಹಿಂದಿನ ಮಾದರಿಯ ಒಂದು ಚಕ್ರ ಬೇಕೆಂದಾಗ ಅದನ್ನು ಕಡೆದು ಕೊಡುವ ಯಂತ್ರಸಾಲು ಉಳಿಯುವುದು ಬೇರೆ.

ಬಿಡಿಭಾಗದ ಬೇಟೆ

ಈಗ ಹಳೆ ವಾಚಿಗೆ ಭಾಗ ಸಿಗುವ ದಾರಿಗಳು ಮೂರು. ಮೊದಲನೆಯದು, ಹಿಂದಿನ ಡೀಲರುಗಳು ಮತ್ತು ಸರ್ವಿಸ್ ಕೇಂದ್ರಗಳಲ್ಲಿ ಉಳಿದುಹೋದ ಬಳಸದ ದಾಸ್ತಾನು. ಬಿಡಿಭಾಗದ ಸಣ್ಣ ಪೊಟ್ಟಣಗಳು ಕೈಯಿಂದ ಕೈಗೆ ಹೋಗುತ್ತ ನಗರದ ಸಗಟು ಅಂಗಡಿಗಳಲ್ಲಿ ಸಿಗುತ್ತವೆ. ಇದು ಉತ್ತಮ, ಆದರೆ ಮುಗಿದುಹೋಗುವ ದಾಸ್ತಾನು.

ಎರಡನೆಯದು, ಕೆಟ್ಟ ವಾಚಿನಿಂದ ಒಳ್ಳೆಯ ಭಾಗ ತೆಗೆಯುವುದು. ಇದಕ್ಕೆ ಅನುಕೂಲವಾದ ಒಂದು ಸಂಗತಿಯಿದೆ. ಜನತಾ, ಪೈಲಟ್ ಮುಂತಾದ ಹಲವು ಮಾದರಿಗಳ ಡಯಲು, ಮುಳ್ಳು, ಕವಚ ಬೇರೆ ಬೇರೆಯಾದರೂ ಒಳಗಿನ ಯಂತ್ರ ಒಂದೇ ಕುಟುಂಬದ್ದು. ಆದ್ದರಿಂದ ಡಯಲ್ ಹಾಳಾದ ಪೈಲಟ್ ವಾಚಿನ ಬ್ಯಾಲೆನ್ಸ್ ಅನ್ನು ಜನತಾಗೆ ಹಾಕಬಹುದು. ಬ್ಯಾಲೆನ್ಸ್ ಸ್ಟಾಫ್ ಒಂದನ್ನೇ ಬದಲಾಯಿಸಬೇಕಾದರೆ ಸಣ್ಣ ಲೇತು, ಅಚ್ಚು ಕೂರಿಸುವ ವಿಶೇಷ ಉಪಕರಣ, ಅನಂತರ ಚಕ್ರದ ತೂಕ ಸಮ ಮಾಡುವ ಕೌಶಲ ಎಲ್ಲವೂ ಬೇಕು. ಹಾಗಾಗಿ ಸಣ್ಣ ಊರುಗಳಲ್ಲಿ ಬ್ಯಾಲೆನ್ಸ್ ಅನ್ನು ಅದರ ಕೂದಲು ಸ್ಪ್ರಿಂಗ್ ಸಮೇತ ಬದಲಿಸುವುದೇ ಸುಲಭ. ಆದರೆ ಆ ಭಾಗವೂ ಹತ್ತಾರು ಕೋಟಿ ಮಿಡಿತ ಕಂಡದ್ದೇ. ಎರಡು ನಿಂತ ವಾಚು ಸೇರಿ ನಡೆಯುವ ಒಂದು ವಾಚಾಗುತ್ತದೆ. ಪ್ರತಿ ರಿಪೇರಿಯಲ್ಲೂ ಒಟ್ಟು ವಾಚುಗಳ ಸಂಖ್ಯೆ ಒಂದು ಕಡಿಮೆಯಾಗುತ್ತದೆ.

ಮೂರನೆಯ ದಾರಿ ಹೊಸದಾಗಿ ಮಾಡಿದ ನಕಲು ಭಾಗ. ಗಾಜು, ಪಟ್ಟಿ, ಬಿರಡೆಗಳ ಮಟ್ಟಿಗೆ ಇದರಿಂದ ತೊಂದರೆಯಿಲ್ಲ, ಅಳತೆ ಸರಿಯಿದ್ದರೆ ಸಾಕು. ಡಯಲಿನ ವಿಷಯ ಹಾಗಲ್ಲ. ಹಳೆ ಯಂತ್ರಕ್ಕೆ ಹೊಸ ಬಣ್ಣ ಬಳಿದ ಡಯಲು ಹಾಕಿ, ಎಚ್‌ಎಂಟಿ ಎಂದೂ ತಯಾರಿಸದ ಬಣ್ಣ ಮತ್ತು ಅಕ್ಷರಗಳಲ್ಲಿ 'ಅಪರೂಪದ ವಾಚು' ಎಂದು ಮಾರುವುದು ಸಂಗ್ರಾಹಕರಿಗೆಲ್ಲ ಗೊತ್ತಿರುವ ಸಂಗತಿ. ಸಮಯ ತೋರಿಸುವುದಷ್ಟೇ ಉದ್ದೇಶವಾದರೆ ಇದರಲ್ಲಿ ತಪ್ಪೇನಿಲ್ಲ. ಆದರೆ ಅಪ್ಪನ ವಾಚನ್ನು ಉಳಿಸಿಕೊಳ್ಳಬೇಕೆಂದು ಬಂದವರಿಗೆ ಕೊನೆಗೆ ಉಳಿಯುವುದು ಏನು ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಬಲ್ಲ ರಿಪೇರಿಯವರು ತೆಗೆದ ಹಳೆಯ ಭಾಗವನ್ನು ಪೊಟ್ಟಣ ಕಟ್ಟಿ ವಾಚಿನ ಜೊತೆಗೇ ಹಿಂದಿರುಗಿಸುತ್ತಾರೆ.

ಆಕಾಶದ ಗಡಿಯಾರ

ಇದೇ ಸಮಸ್ಯೆ ಇನ್ನೊಂದು ಎತ್ತರದಲ್ಲಿ ಕಾಣಿಸಿಕೊಂಡದ್ದು ಕೂಡ 2016ರಲ್ಲಿಯೇ.

ಹಾಸನದ ಎಂಸಿಎಫ್ ಆರಂಭವಾದದ್ದು 1982ರಲ್ಲಿ, ಇನ್‌ಸ್ಯಾಟ್ ಸರಣಿಯ ಉಪಗ್ರಹಗಳ ನಿಯಂತ್ರಣಕ್ಕಾಗಿ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಕಕ್ಷೆ, ದಿಕ್ಕು, ಆರೋಗ್ಯವನ್ನು ಹಗಲಿರುಳು ಗಮನಿಸುವುದು ಇದರ ಕೆಲಸ. 2013ರ ಜುಲೈ 1ರಂದು ಉಡಾವಣೆಯಾದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದೊಂದಿಗೆ ದೇಶದ ಸ್ವಂತ ಸ್ಥಾನನಿರ್ಣಯ ವ್ಯವಸ್ಥೆ ಆರಂಭವಾಯಿತು. 2016ರ ಏಪ್ರಿಲ್ ವೇಳೆಗೆ ಏಳು ಉಪಗ್ರಹಗಳು ಮೇಲೇರಿದವು. ವ್ಯವಸ್ಥೆಗೆ 'ನಾವಿಕ್' ಎಂಬ ಹೆಸರಾಯಿತು. ಈ ಉಪಗ್ರಹಗಳ ನಿಯಂತ್ರಣದ ಹೊಣೆಯೂ ಹಾಸನಕ್ಕೆ ಸೇರಿತು.

ಸ್ಥಾನ ಹೇಳುವ ಉಪಗ್ರಹಕ್ಕೆ ಗಡಿಯಾರವೇ ಹೃದಯ. ಉಪಗ್ರಹದಿಂದ ಹೊರಟ ಸಂಕೇತ ಕೈಯಲ್ಲಿರುವ ಉಪಕರಣ ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ದೂರದ ಲೆಕ್ಕ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ತಿಳಿದರೆ ಸ್ಥಾನ ಗೊತ್ತಾಗುತ್ತದೆ. ಸಂಕೇತ ಬೆಳಕಿನ ವೇಗದಲ್ಲಿ ಚಲಿಸುವುದರಿಂದ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೆ ದೂರ 30 ಸೆಂಟಿಮೀಟರ್ ತಪ್ಪುತ್ತದೆ. ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ 300 ಮೀಟರ್. ಹೊಳೆನರಸೀಪುರದಲ್ಲಿ ಹೇಮಾವತಿಯ ಈ ದಡದಲ್ಲಿ ನಿಂತವರನ್ನು ಆ ದಡದಲ್ಲಿ ತೋರಿಸಲು ಅಷ್ಟು ಸಾಕು.

ಆದ್ದರಿಂದ ಪ್ರತಿ ಉಪಗ್ರಹದಲ್ಲೂ ಮೂರು ರುಬಿಡಿಯಂ ಪರಮಾಣು ಗಡಿಯಾರಗಳನ್ನು ಇಡಲಾಗಿತ್ತು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂಬ ಎಚ್ಚರಿಕೆ. ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 683 ಕೋಟಿ ಕಂಪನದ ಒಂದು ನಿರ್ದಿಷ್ಟ ಅಲೆಗೆ ಮಾತ್ರ ಸ್ಪಂದಿಸುತ್ತದೆ. ಆ ಅಲೆಗೆ ಸ್ಫಟಿಕದ ಕಂಪನವನ್ನು ಕಟ್ಟಿಹಾಕುವುದೇ ಈ ಗಡಿಯಾರದ ಮರ್ಮ. ಬ್ಯಾಲೆನ್ಸ್ ಚಕ್ರ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪರಮಾಣು ಮಾಡುತ್ತದೆ.

ತೆಗೆದು ಹಾಕಲಾಗದ ಭಾಗ

ಈ ಗಡಿಯಾರಗಳು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದವು. 2016ರ ಮಧ್ಯದಿಂದ 2017ರ ಆರಂಭದೊಳಗೆ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರೂ ಗಡಿಯಾರಗಳು ಒಂದೊಂದಾಗಿ ನಿಂತವು. ಯುರೋಪಿನ ಗೆಲಿಲಿಯೊ ವ್ಯವಸ್ಥೆಯ ಉಪಗ್ರಹಗಳಲ್ಲೂ ಹಲವು ಗಡಿಯಾರಗಳು ಕೆಟ್ಟಿವೆ ಎಂದು ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಅದೇ ಹೊತ್ತಿನಲ್ಲಿ ಪ್ರಕಟಿಸಿತು.

ಉಪಗ್ರಹದ ಉಳಿದ ಭಾಗಗಳೆಲ್ಲ ಚೆನ್ನಾಗಿದ್ದವು. ಆದರೆ ಗಡಿಯಾರವಿಲ್ಲದ ಉಪಗ್ರಹ ಸ್ಥಾನನಿರ್ಣಯಕ್ಕೆ ನಿರುಪಯುಕ್ತ. ಪೇಟೆಯ ಅಂಗಡಿಯಲ್ಲಾದರೆ ಹಿಂಬದಿಯ ಮುಚ್ಚಳ ತೆಗೆದು ಭಾಗ ಬದಲಿಸಬಹುದು. 36,000 ಕಿ.ಮೀ. ಎತ್ತರದಲ್ಲಿ ಆ ಮುಚ್ಚಳ ತೆಗೆಯುವವರಿಲ್ಲ. ಕೆಲವೇ ಕಿಲೊ ತೂಕದ ಗಡಿಯಾರ ಬದಲಿಸಲು 1,425 ಕಿಲೊ ತೂಕದ ಇನ್ನೊಂದು ಉಪಗ್ರಹವನ್ನೇ ಕಳುಹಿಸಬೇಕು.

2017ರ ಆಗಸ್ಟ್ 31ರಂದು ಐಆರ್‌ಎನ್‌ಎಸ್‌ಎಸ್-1ಎಚ್ ಉಪಗ್ರಹವನ್ನು ಹೊತ್ತು ರಾಕೆಟ್ ಏರಿತು. ಉಪಗ್ರಹವನ್ನು ಮುಚ್ಚಿದ್ದ ಉಷ್ಣಕವಚ ಕಳಚಿಕೊಳ್ಳಲಿಲ್ಲ. ಬದಲಿ ಉಪಗ್ರಹ ಪೆಟ್ಟಿಗೆಯೊಳಗೇ ಉಳಿದುಹೋಯಿತು. 2018ರ ಏಪ್ರಿಲ್ 12ರಂದು ಕಳುಹಿಸಿದ 1ಐ ಉಪಗ್ರಹ ಯಶಸ್ವಿಯಾಗಿ ಕಕ್ಷೆ ಸೇರಿತು.

ಈ ನಡುವೆ ಇಸ್ರೊದ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ ರುಬಿಡಿಯಂ ಗಡಿಯಾರವನ್ನು ತಾನೇ ರೂಪಿಸಿತು. 2023ರ ಮೇ 29ರಂದು ಉಡಾವಣೆಯಾದ ಎನ್‌ವಿಎಸ್-01 ಉಪಗ್ರಹದಲ್ಲಿ ಮೊದಲ ಬಾರಿಗೆ ಸ್ವದೇಶಿ ಪರಮಾಣು ಗಡಿಯಾರ ಆಕಾಶಕ್ಕೇರಿತು. 1961ರಲ್ಲಿ ಜಾಲಹಳ್ಳಿಯಲ್ಲಿ ಕೈಗೊಂಡ ಕೆಲಸವೇ ಬೇರೊಂದು ಮಟ್ಟದಲ್ಲಿ ಮರಳಿ ನಡೆಯಿತೆನ್ನಬಹುದು. 2025ರ ಜನವರಿ 29ರಂದು ಮೇಲೇರಿದ ಎನ್‌ವಿಎಸ್-02 ಮಾತ್ರ, ಎಂಜಿನ್ನಿಗೆ ಆಮ್ಲಜನಕ ಒದಗಿಸುವ ದ್ರವದ ಕವಾಟ ತೆರೆಯದೆ, ತನ್ನ ಸ್ಥಾನ ಸೇರಲಿಲ್ಲ. ಬಿಡಿಭಾಗ ತಯಾರಾದರೆ ಸಾಲದು, ಅದು ತಲುಪಬೇಕಾದಲ್ಲಿಗೆ ತಲುಪಲೂ ಬೇಕು.

ಗುಜರಿಗೆ ಬಂದ ಪರಮಾಣು

ನೆಲದ ಮೇಲಿನ ಪರಮಾಣು ಗಡಿಯಾರಗಳ ಪಾಡೂ ಇದಕ್ಕಿಂತ ಭಿನ್ನವಲ್ಲ. ದೂರಸಂಪರ್ಕ ಕೇಂದ್ರಗಳಲ್ಲಿ ಬಳಸಿ ಬಿಟ್ಟ ರುಬಿಡಿಯಂ ಘಟಕಗಳು ಹಲವು ದೇಶಗಳ ಹಳೆ ಸಾಮಾನಿನ ಮಾರುಕಟ್ಟೆಗೆ ಬರುತ್ತವೆ. ಹವ್ಯಾಸಿಗಳು ಅವನ್ನು ಕೊಂಡು ಮರುಜೀವ ಕೊಡುತ್ತಾರೆ. ಸೊರಗಿದ ಕೆಪಾಸಿಟರ್ ಬದಲಿಸುವುದು ಸುಲಭ, ಅದು ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಒಳಗಿನ ರುಬಿಡಿಯಂ ದೀಪ ಮಂಕಾದರೆ ಕಷ್ಟ. ಸೀಸಿಯಂ ಗಡಿಯಾರದಲ್ಲಂತೂ ಸೀಸಿಯಂ ತುಂಬಿದ ನಳಿಗೆ ಬಳಸಿದಂತೆಲ್ಲ ಖಾಲಿಯಾಗುತ್ತದೆ. ಅದು ಮುಗಿದರೆ ಉಳಿದ ಯಂತ್ರ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಆಗ ಹವ್ಯಾಸಿಗಳೂ ಮಾಡುವುದು ಅರಕಲಗೂಡಿನ ರಿಪೇರಿಯವರು ಮಾಡುವುದನ್ನೇ: ಇನ್ನೊಂದು ಕೆಟ್ಟ ಯಂತ್ರ ತಂದು ಅದರಲ್ಲಿ ಒಳ್ಳೆಯದೇನಿದೆ ಎಂದು ಹುಡುಕುವುದು.

ಉಳಿಸಬೇಕಾದದ್ದು ಯಾವುದು?

ಎಚ್‌ಎಂಟಿ ವಾಚ್ ಕಾರ್ಖಾನೆಗಳು ಮುಚ್ಚಿದ ಬಳಿಕ ಬೆಂಗಳೂರು ಮತ್ತು ತುಮಕೂರಿನಲ್ಲಿದ್ದ ಅದರ ಜಮೀನನ್ನು ಬಾಹ್ಯಾಕಾಶ ಇಲಾಖೆಗೆ ವರ್ಗಾಯಿಸಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಕೈಗಡಿಯಾರ ಮಾಡಿದ ನೆಲ ಆಕಾಶದ ಗಡಿಯಾರದವರ ಪಾಲಾಯಿತು. ಇದು ಕಾಕತಾಳೀಯ. ಆದರೂ ಎರಡು ಸಂಸ್ಥೆಗಳ ಅನುಭವವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಪಾಠ ಸ್ಪಷ್ಟವಾಗುತ್ತದೆ. ಯಂತ್ರವನ್ನು ಕೊಂಡವನಿಗೆ ಅದು ಕೆಡುವವರೆಗೆ ಮಾತ್ರ ಒಡೆತನ. ಅದರ ಭಾಗವನ್ನು ಮಾಡಬಲ್ಲವನಿಗೆ ಕೆಟ್ಟ ಮೇಲೂ ಒಡೆತನ. ಇಸ್ರೊ ಈ ಪಾಠ ಕಲಿತದ್ದು ಒಂದು ಉಪಗ್ರಹದ ಮೂರು ಗಡಿಯಾರಗಳನ್ನು ಕಳೆದುಕೊಂಡು. ಕೈಗಡಿಯಾರದ ವಿಷಯದಲ್ಲಿ ದೇಶ ಕಲಿತಿದ್ದ ವಿದ್ಯೆಯನ್ನು ಕೈಯಾರೆ ಬಿಟ್ಟಿತು. ವಾಚಿನ ಹೆಸರು ಉಳಿಯಿತು, ಅಚ್ಚುಗಳನ್ನು ಕಡೆಯುತ್ತಿದ್ದ ಸಾಲು ನಿಂತಿತು.

ಹೀಗಾಗಿ ಹಾಸನ ಜಿಲ್ಲೆಯ ಹಳೆಯ ಎಚ್‌ಎಂಟಿ ವಾಚುಗಳ ಬಿಡಿಭಾಗದ ಕಣಜ ಇಂದು ಯಾವ ಕಾರ್ಖಾನೆಯಲ್ಲೂ ಇಲ್ಲ. ಅದಿರುವುದು ಮನೆಗಳಲ್ಲಿ. ಬೀರುವಿನ ಮೂಲೆಯಲ್ಲಿ, ಮೇಜಿನ ಖಾನೆಯಲ್ಲಿ, ಗಾಜು ಒಡೆದು ಪಟ್ಟಿ ಹರಿದು ಬಿದ್ದಿರುವ ವಾಚನ್ನು ಗುಜರಿಯವನಿಗೆ ಹಾಕುವ ಮುನ್ನ ಪೇಟೆಯ ರಿಪೇರಿ ಅಂಗಡಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಅದು ಇನ್ನು ನಡೆಯಲಾರದೆಂದು ಅಲ್ಲಿ ಹೇಳಬಹುದು. ಆದರೆ ಅದರ ಬ್ಯಾಲೆನ್ಸ್ ಚಕ್ರ ಸರಿಯಿದ್ದರೆ, ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ನಿಂತಿರುವ ಇನ್ನೊಂದು ವಾಚು ಅದರಿಂದ ಮತ್ತೆ ಮಿಡಿಯಬಹುದು.